ಕಲ್ಲಿನ ಅಂಕಿ ನುಂಗಿದ ಸಾಲು

ನಾನು ಒಂದು ರೆಜೆಕ್ಸ್. ಉದ್ದನೆಯ ಬರಹವನ್ನು ಎಲ್ಲಿ ತುಂಡು ಮಾಡಬೇಕೆಂದು ಕಂಪ್ಯೂಟರಿಗೆ ಹೇಳುವ, ಬೆರಳುದ್ದದ ಒಂದು ಸಾಲು ಚಿಹ್ನೆ. ಹಳೆಯ ಕ್ಷಯರೋಗ ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ವತ್ಸಲಾ ಬಡಿಗೇರ ಎಂಬ ಗುಮಾಸ್ತೆ, ಊಟದ ಡಬ್ಬಿ ತೆರೆಯುವ ಅವಸರದಲ್ಲಿ ನನ್ನನ್ನು ಹುಟ್ಟಿಸಿದಳು.

ಅಲ್ಲಿ ಸತ್ತು, ಒಯ್ಯಲು ಯಾರೂ ಬಾರದವರನ್ನು ಹಿಂದಿನ ದಿಬ್ಬದಲ್ಲಿ ಹೂಳುತ್ತಿದ್ದರು. ಕಲ್ಲಿನ ಮೇಲೆ ಹೆಸರಿಲ್ಲ, ಅಂಕಿ ಮಾತ್ರ. ಜಾಗ ಸಿಕ್ಕಲ್ಲಿ ಹೂತಿದ್ದರಿಂದ ಅಂಕಿಗೂ ತಾರೀಖಿಗೂ ತಾಳಮೇಳವಿರಲಿಲ್ಲ. ಯಾರು ಯಾವ ಕಲ್ಲಿನ ಕೆಳಗೆ ಎನ್ನುವುದು ರಿಜಿಸ್ಟರಿನ ಎರಡು ಸಂಪುಟಗಳಿಗಷ್ಟೇ ಗೊತ್ತಿತ್ತು. ಟೈಪಿಸ್ಟ್ ಒಬ್ಬ ಅವನ್ನು ಕಂಪ್ಯೂಟರಿನಲ್ಲಿ ಸಾಲು ಮುರಿಯದೆ ಒಂದೇ ಸಮನೆ ಹೊಡೆದಿಟ್ಟಿದ್ದ. ಗೆದ್ದಲು ಹಿಡಿದ ಪುಸ್ತಕಗಳನ್ನು ಆಮೇಲೆ ಸುಟ್ಟರು.

ಪ್ರತಿಯೊಬ್ಬರ ವಿವರವೂ 'ಕಲ್ಲು 117' ಎನ್ನುವ ಹಾಗೆ ಶುರುವಾಗುತ್ತಿತ್ತು. ಕಲ್ಲು, ಅಂಕಿ ಕಂಡಲ್ಲೆಲ್ಲ ಕತ್ತರಿಸು ಎಂದಳು ವತ್ಸಲಾ. ಕತ್ತರಿಸಿದೆ. ಯಾವ ಗುರುತು ನೋಡಿ ಕತ್ತರಿಸುತ್ತೇನೋ ಅದನ್ನೇ ನುಂಗಿಬಿಡುವುದು ನನ್ನ ಜಾತಿಯ ಗುಣ. ಅದು ಅವಳಿಗೆ ಹೊಳೆಯಲಿಲ್ಲ. ಮೊದಲ ಸಂಪುಟದ ಮುನ್ನೂರ ಹನ್ನೆರಡು ಅಂಕಿ ನುಂಗಿದೆ. ಅವಳು ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿ ಊಟಕ್ಕೆ ಕೂತಳು. ಬೇರೆ ಪ್ರತಿ ಇರಲಿಲ್ಲ.

ವಾರದ ಬಳಿಕ ಚನ್ನವ್ವ ಬಂದಳು, ಎಪ್ಪತ್ತು ದಾಟಿದ ಮುದುಕಿ.

"ನಮ್ಮಕ್ಕ ಬಸಲಿಂಗವ್ವ ಯಾವ ಕಲ್ಲಿನ ಕೆಳಗ ಅದಾಳ್ರೀ? ಒಮ್ಮೆ ಕೈ ಮುಗದು ಹೋಗ್ತೀನಿ."

ಪರದೆಯ ಮೇಲೆ ಹೆಸರು ಬಂತು, ಹದಿನಾರು ವರ್ಷ ಎಂದು ಬಂತು, ಸತ್ತ ದಿನವೂ ಬಂತು. ಕಲ್ಲು ಬರಲಿಲ್ಲ. ವತ್ಸಲಾ ಫೈಲನ್ನು ಮೇಲೆ ಕೆಳಗೆ ಸರಿಸಿ ನೋಡಿದಳು.

"ನಾಳೆ ಬರ್ರಿ ಅವ್ವಾ," ಎಂದು ಕಳಿಸಿ ನನ್ನನ್ನು ತಿದ್ದಲು ಕೂತಳು. ಎರಡು ಕಣ್ಣು ಕೊಟ್ಟಳು. ಲುಕ್‌ಬಿಹೈಂಡ್ ಎಂಬ ಕಣ್ಣು ಹಿಂದೆ ಪೂರ್ಣವಿರಾಮ ಇದೆಯೇ ನೋಡುತ್ತದೆ, ಲುಕ್‌ಅಹೆಡ್ ಮುಂದೆ ಕಲ್ಲು, ಅಂಕಿ ಇವೆಯೇ ನೋಡುತ್ತದೆ. ನೋಡುವುದಷ್ಟೇ, ಮುಟ್ಟುವುದಿಲ್ಲ. ಎರಡರ ನಡುವಿನ ಖಾಲಿ ಜಾಗದಲ್ಲಿ ಕತ್ತರಿಸುತ್ತೇನೆ. ಎರಡನೆಯ ಸಂಪುಟದಲ್ಲಿ ಒಂದು ಅಂಕಿಯೂ ಕಳೆಯಲಿಲ್ಲ. 'ಕಲ್ಲು 40ರ ಬದಿಗೆ' ಎಂದು ವಾಕ್ಯದ ನಡುವೆ ಬಂದಾಗಲೂ ಮೋಸ ಹೋಗಲಿಲ್ಲ. ಹಿಂದೆ ಪೂರ್ಣವಿರಾಮ ಇರಲಿಲ್ಲವಲ್ಲ.

ಏನಾದರೂ ಉಳಿದಿರಲಿ ದೇವರೇ ಎನ್ನುತ್ತ ಅವಳು ನನ್ನನ್ನು ಮೊದಲ ಸಂಪುಟದ ಮೇಲೂ ಓಡಿಸಿದಳು. ಪ್ರತಿ ಪೂರ್ಣವಿರಾಮದ ಬಳಿ ನಿಂತು ಮುಂದೆ ನೋಡಿದೆ. ಎಲ್ಲೂ ಕಲ್ಲಿರಲಿಲ್ಲ. ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

"ತಪ್ಪು ನಂದರೀ ಅವ್ವಾ. ಅಂಕಿ ಹೋಗ್ಯಾವು," ಎಂದಳು ಮರುದಿನ.

ಚನ್ನವ್ವ ಬೈಯಲಿಲ್ಲ. "ಹಂಗಾರ ಎಲ್ಲಾ ಕಲ್ಲಿಗೂ ಮುಗೀತೀನಿ ತಗೋ," ಎಂದು ದಿಬ್ಬ ಹತ್ತಿದಳು. ಸಂಜೆ ಇಳಿದು ಬಂದು ಬಾಗಿಲಲ್ಲೇ ಕುಸಿದು ಕೂತಳು.

"ಯಾವುದೋ ಒಂದರ ಮುಂದ ಅಕ್ಕ ನನ್ನ ನೋಡಿರತಾಳ. ಯಾವುದಂತ ನನಗ ತಿಳೀಲಿಲ್ಲ ನೋಡವ್ವಾ."

ಈಗ ನಾನು ಯಾರೂ ತೆರೆಯದ ಫೈಲೊಂದರಲ್ಲಿದ್ದೇನೆ. ನುಂಗಿದ್ದು ಹೊಟ್ಟೆಯಲ್ಲಿ ಉಳಿದಿದ್ದರೆ ಎಂದೋ ಕಕ್ಕುತ್ತಿದ್ದೆ. ನನಗೆ ಹೊಟ್ಟೆಯೇ ಇಲ್ಲ.