ತುಂಬುತೋಳಿನ ಅಂಗಿ

“ಏ ಜನಾ, ಮದ್ಲ ಆ ಅಂಗಿ ಬಿಚ್ಚ. ಗಂಡಸರ ಅಂಗಿ ಹಾಕ್ಕೊಂಡ ನಿಂತಾಳ ನೋಡ, ಬೋಳಿಮಗಳು. ಟೀವ್ಯಾಗ ನಮ್ಮ ಊರ ಮಾನ ಕಳೀತೀಯೇನ?”

ಹೊಲದ ಮಾಲಕ ತಾತ್ಯಾಸಾಹೇಬರು ಬದುವಿನ ಮೇಲೆ ನಿಂತು ಒದರಿದಾಗ, ಕಬ್ಬು ಕಡಿಯುತ್ತಿದ್ದ ಜನಾಬಾಯಿ ಬಗ್ಗಿದ ನಡು ಎತ್ತಿದಳು. ಅವಳ ಟೋಳಿಯ, ಅಂದರೆ ಕಬ್ಬು ಕಡಿಯುವ ಗುಂಪಿನ, ಹೆಂಗಸರೆಲ್ಲ ಸೀರೆಯ ಮೇಲೆ ಗಂಡಂದಿರ ಹಳೇ ತುಂಬುತೋಳಿನ ಅಂಗಿ ತೊಟ್ಟೇ ಕಡಿಯುವುದು. ಶೋಕಿಗಲ್ಲ ಮಾರಾಯರೇ. ಕಬ್ಬಿನ ಎಲೆ ಅಂದರೆ ಗರಗಸ, ಬರಿತೋಳು ಸಿಕ್ಕರೆ ಬಿಟ್ಟೀತೆ? ಸಕ್ಕರೆ ತಿಂದವರಿಗೆ ಇದು ಗೊತ್ತಿರುವುದಿಲ್ಲ.

ಅವತ್ತು ಕೇಬಲ್ ಟೀವಿಯವರು ಬಂದಿದ್ದರು. ರಾಯಬಾಗ, ಅಥಣಿ ಕಡೆಯ ಊರುಗಳನ್ನು ಪರಿಚಯಿಸುವ ಚಿತ್ರವಂತೆ. ಹೊಳೆ, ಕಾರ್ಖಾನೆಯ ಚಿಮಣಿ, ಬಸದಿ, ದರ್ಗಾ ಎಲ್ಲ ಮುಗಿದು ಈಗ ‘ಸುಖೀ ದುಡಿಮೆಗಾರರ’ ಪಾಳಿ. ಖರ್ಚು ತಾತ್ಯಾಸಾಹೇಬರದು. ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿಯ ಚುನಾವಣೆಗೆ ನಿಂತಿದ್ದರಲ್ಲ, ಸುಖೀ ಜನ ಅವರಿಗೆ ಬೇಕೇ ಬೇಕಿತ್ತು.

“ತೋಳ ಕೊಯ್ತೈತ್ರಿ ಮಾಲಕ,” ಎಂದಳು ಜನಾಬಾಯಿ.

“ಒಂದ ತಾಸಿಗೆ ಸಾಯ್ತೀಯೇನ? ಒಲ್ಲೆ ಅಂದ್ರ ನಾಳಿಂದ ನಿಮ್ಮ ಟೋಳಿ ನನ್ನ ಹೊಲಕ್ಕ ಕಾಲಿಡೂದ ಬ್ಯಾಡ.”

ಹಿಂದೆ ನಿಂತ ಹೆಂಗಸರ ಕಣ್ಣೆಲ್ಲ ಅವಳ ಅಂಗಿಯ ಗುಂಡಿಯ ಮೇಲಿದ್ದವು. ಒಳಗೆ ಸೀರೆ-ಕುಪ್ಪಸ ಇದ್ದದ್ದು ಖರೆ. ಆದರೂ ಅಷ್ಟು ಗಂಡಸರ ಮುಂದೆ ಒಂದೊಂದೇ ಗುಂಡಿ ಬಿಚ್ಚುವಾಗ ನಾಚಿಕೆಯಿಂದ ಸತ್ತುಹೋದರೆ ಸಾಕೆನಿಸಿತು. ಅಂಗಿಯನ್ನು ನಾದಿನಿ ಕಮಲಾಬಾಯಿಯ ಕೈಗೆ ಕೊಟ್ಟಳು.

“ಹಾಂ, ಈಗ ಹೆಂಗಸ ಕಂಡಂಗ ಕಾಣಾಕತ್ತಿ,” ಎಂದರು ತಾತ್ಯಾಸಾಹೇಬರು.

“ಮಾವಶಿ, ಸ್ವಲ್ಪ ನಗ್ರಿ,” ಎಂದ ಕ್ಯಾಮೆರಾದ ಹುಡುಗ ಸುಹಾಸ, ಸ್ವಂತ ಚಿಕ್ಕಮ್ಮನನ್ನು ಕರೆದಂತೆ.

ನಕ್ಕು ಕಡಿದಳು. ಮೊಣಕೈಯಿಂದ ಮಣಿಕಟ್ಟಿನತನಕ ಎಲೆ ಗೀರಿತು.

“ರಕ್ತ ಕಾಣಾಕತ್ತೈತ್ರಿ ಮಾವಶಿ. ದಯಮಾಡಿ ಒರಸ್ಕೋರಿ, ಮತ್ತೊಮ್ಮೆ ತಗೋಳೂಣು.”

ಸೆರಗಿನಿಂದ ಒರಸಿಕೊಂಡಳು, ಮತ್ತೆ ನಕ್ಕಳು. ಸುಹಾಸ ಪಾಪ, ಒಳ್ಳೇ ಹುಡುಗ. ಪ್ರತಿ ಗೀರಿಗೂ ‘ದಯಮಾಡಿ’ ಎನ್ನುತ್ತಿದ್ದ. ಅವನ ಜೋಡಿಗಾರ ಮೈಕು ಹಿಡಿದು ಓದುತ್ತಿದ್ದ: “ಕಬ್ಬಿನಷ್ಟೇ ಸಿಹಿ ಇಲ್ಲಿಯ ಬಾಳು. ಒಡೆಯ, ಆಳು ಎಂಬ ಭೇದವಿಲ್ಲ. ಎಲ್ಲರೂ ಒಂದೇ ಮನೆಯವರು.”

ಕಡೆಗೆ ತಾತ್ಯಾಸಾಹೇಬರು ಗಂಜಿ ಹಾಕಿದ ಬಿಳೀ ಅಂಗಿಯಲ್ಲಿ ಬಂದು ಅವಳ ಪಕ್ಕಕ್ಕೆ ನಿಂತು ಕಬ್ಬಿನ ಮೇಲೆ ಕೈಯಿಟ್ಟರು.

“ಸಾಹೇಬ್ರ ಬಗ್ಗೆ ಎರಡ ಮಾತ ಹೇಳ್ರಿ ಮಾವಶಿ.”

ಬೆವರು ಗಾಯಕ್ಕಿಳಿದು ತೋಳು ಧಗಧಗ ಉರಿಯುತ್ತಿತ್ತು. ಇವರ ಸುಳ್ಳಿಗೆ ನನ್ನ ಮುಖವೇ ಸಾಕ್ಷಿಯಾಗಬೇಕೇ ಎಂದು ಜನಾಬಾಯಿಗೆ ಸಿಟ್ಟು ನೆತ್ತಿಗೇರಿತು.

“ನಮ್ಮ ಮಾಲಕ್ರು ಭಾಳ ದೊಡ್ಡ ಮನಸಿನವ್ರ. ನಾವೆಲ್ಲಾ ಒಂದ ಮನಿಯವ್ರಂತ. ನಿಮ್ಮ ಚಿತ್ರಕ್ಕಂತ ನನ್ನ ಅಂಗಿ ಬಿಚ್ಚಿಸ್ಯಾರ. ನೋಡ್ರಿ.” ಎರಡೂ ತೋಳನ್ನು ಕ್ಯಾಮೆರಾದ ಮುಂದೆ ಹಿಡಿದಳು. ಆಮೇಲೆ ಹೊರಳಿ ಕಬ್ಬು ಕಡಿಯುವ ಕೊಯ್ತಾವನ್ನು ತಾತ್ಯಾಸಾಹೇಬರ ಕೈಗೆ ತುರುಕಿದಳು. “ಈಗ ನಿಮ್ಮ ಅಂಗಿ ನನಗ ಕೊಡ್ರಿ. ಒಂದ ಸಾಲ ನೀವ ಬರೇ ಮೈಲೆ ಕಡೀರಿ.”

“ಹುಚ್ಚ ಹಿಡದೈತೇನ ರಂ...” ಕ್ಯಾಮೆರಾ ನೆನಪಾಗಿ ತಾತ್ಯಾಸಾಹೇಬರು ಬೈಗುಳ ನುಂಗಿದರು. ನಗು ಮಾತ್ರ ಮುಖದ ಮೇಲೆ ಹಾಗೇ ಉಳಿಯಿತು.

ಕಮಲಾಬಾಯಿ ತನ್ನ ಕೊಯ್ತಾ ನೆಲಕ್ಕೆ ಒಗೆದು ಬದುವಿಗೆ ಕುಂತಳು. ಉಳಿದವರೂ ಒಗೆದರು.

ಜನಾಬಾಯಿ ರಕ್ತ ಹತ್ತಿದ ಕೈಯನ್ನು ಇನ್ನೂ ಮುಂದೆ ಚಾಚಿದಳು. “ಕೊಡ್ರಿ ಮಾಲಕ. ಗುಂಡಿ ನಾನ ಬಿಚ್ಚಲೇನು?”

ತಾತ್ಯಾಸಾಹೇಬರ ಕೈ ತಾನಾಗಿ ಹೋಗಿ ಕೊರಳ ಗುಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಸುಹಾಸ ಕ್ಯಾಮೆರಾ ನಿಲ್ಲಿಸುವುದನ್ನು ಮರೆತಿದ್ದ.