ಒಣಗದ ಬಣ್ಣ

ದೊಡ್ಡಮಾದಮ್ಮನ ಹೆಣವನ್ನು ಕೊಟ್ಟಿಗೆಯಿಂದ ಹೊರಗೆ ತರಬೇಕಾದರೆ ಮೊದಲು ಹಸುವನ್ನು ಬಿಚ್ಚಬೇಕಾಯಿತು. ಅದು ಬಾಗಿಲಿಗೆ ಅಡ್ಡ ನಿಂತು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸೊಸೆ ಪರಿಮಳ ಹಗ್ಗ ಹಿಡಿದು ಎಳೆದಳು. ಮಗ ಸ್ವಾಮಿಯೂ ನೆಂಟರೂ ಮಂಚ ಎತ್ತಿ ತಂದು ಅಂಗಳದಲ್ಲಿ ಇಳಿಸಿದರು. ಹಿಂದುಗಡೆ ಹೊಸ ಬಣ್ಣದ ಮನೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಅದರ ಬಾಗಿಲಿಗೆ ಬೆಳಗ್ಗೆಯೇ ಬೀಗ ಬಿದ್ದಿತ್ತು.

ಸತ್ತವಳ ತಮ್ಮ ಚಿಕ್ಕಮಾದ ಗುಮಟಾಪುರದಿಂದ ಬಂದವನು ಅಕ್ಕನ ಪಾದ ಹಿಡಿದು ಅತ್ತ. ಅತ್ತು ಮುಗಿದ ಮೇಲೆ ಬೀಗ ನೋಡಿದ.

"ಏನ್ಲಾ ಸ್ವಾಮಿ, ಇಷ್ಟು ದೊಡ್ಡ ಮನೇಲಿ ನಮ್ಮಕ್ಕಂಗ ಜಾಗ ಇರ್ನಿಲ್ವಾ?"

"ಅವ್ವನೇ ಕೇಳ್ತು ಮಾವ. ಅಸುವಿನ ಜೊತ್ಗೇ ಇರ್ತೀನಿ ಅಂತು."

ಪರಿಮಳ ಬಗ್ಗಿ ಹಸುವಿನ ಹಗ್ಗವನ್ನು ಕಂಬಕ್ಕೆ ಕಟ್ಟಿದಳು. ಬಿಗಿದ ಗಂಟನ್ನೇ ಮತ್ತೆ ಬಿಗಿದಳು.

*

ತಿಗನಾರೆಯ ಆ ಮನೆಯ ಗೋಡೆಗೆ ಮಣ್ಣು ಹೊತ್ತವಳು ದೊಡ್ಡಮಾದಮ್ಮ. ಹಗಲೆಲ್ಲ ಕಂಡವರ ಹೊಲದಲ್ಲಿ ಕಳೆ ಕಿತ್ತು, ಸಂಜೆ ಕೆರೆಮಣ್ಣು ಹೊರುತ್ತಿದ್ದಳಂತೆ. ನೆಲವನ್ನು ಸಗಣಿ ಹಾಕಿ ತಾನೇ ಸಾರಿಸುತ್ತಿದ್ದಳು. ಆ ನೆಲದ ಮೇಲೆ ಕಣ್ಣು ಮುಚ್ಚಿ ನಡೆದರೂ ಅವಳ ಕಾಲು ತಪ್ಪುತ್ತಿರಲಿಲ್ಲ.

ಮಗಳನ್ನು ಸತ್ಯಮಂಗಲದ ಶಾಲೆಗೆ ಸೇರಿಸಿ ಅಲ್ಲೇ ಸಂಸಾರ ಹೂಡಬೇಕೆಂದು ಸ್ವಾಮಿ ಮನೆ ಮಾರಲು ಹೊರಟ. "ಆನೆ ಓಡಾಡೋ ಊರು, ಇಂಗೇ ಇದ್ರ ಯಾರೂ ತಿರುಗಿ ನೋಡಲ್ಲ. ನೆಲಕ್ಕ ಟೈಲ್ಸ್ ಆಕ್ಸು, ಬಣ್ಣ ಒಡ್ಸು, ಬೆಲೆ ತಾನಾಗೇ ಏರ್ತದ" ಎಂದ ಬ್ರೋಕರ್. ಮೊಮ್ಮಗಳು ಓದಲಿ ಎಂದು ದೊಡ್ಡಮಾದಮ್ಮ ಖುಷಿಯಿಂದಲೇ ತನ್ನ ಆಡುಗಳನ್ನು ಮಾರಿಕೊಟ್ಟಳು. ಬೆಲೆ ಏರಿತೋ ಬಿಟ್ಟಿತೋ, ಟೈಲ್ಸ್ ಹಾಕಿದ ವಾರದಲ್ಲೇ ಮುದುಕಿ ಅದರ ಮೇಲೆ ಜಾರಿಬಿದ್ದು ಸೊಂಟ ಮುರಿದುಕೊಂಡಳು.

ಆಸ್ಪತ್ರೆಯವರು ಕೈಚೆಲ್ಲಿದ ಮೇಲೆ ಸ್ವಾಮಿ ಹೆಂಡತಿಯ ಕಿವಿಯಲ್ಲಿ ಹೇಳಿದ, "ಒಳಗ ಪ್ರಾಣ ಓದ್ರ ಸಾವಿನ ಮನೆ ಅಂತಾರ ಕಣಮ್ಮಿ. ನಕ್ಸತ್ರ ಕೆಟ್ಟದ್ದಾದ್ರ ತಿಂಗ್ಳುಗಟ್ಲ ಬಾಗ್ಲು ಮುಚ್ಬೇಕು. ಆಮೇಲ ಯಾರು ತಕ್ಕತರ?"

ಪರಿಮಳ ಬೇಡ ಎನ್ನಲಿಲ್ಲ. ಮಗಳ ಶಾಲೆಯನ್ನು ನೆನೆದು, ಕೊಟ್ಟಿಗೆಗೆ ಸಾಗಿಸಲು ಮಂಚದ ಕಾಲು ಹಿಡಿದಳು.

ಕೊಟ್ಟಿಗೆಯಲ್ಲಿ ಮುದುಕಿ ದಿನವೂ ಕೇಳುತ್ತಿದ್ದಳು.

"ನನ್ನ ಯಾವಾಗಮ್ಮಿ ಒಳಕ ಕರ್ಕೊಂಡೋಗದು?"

"ಬಣ್ಣ ಇನ್ನೂ ಒಣಗ್ನಿಲ್ಲ ಕಣತ್ತೆ."

"ಅದೆಂಥ ಬಣ್ಣವ್ವಾ, ಇಂಥ ಬಿಸ್ಲಲ್ಲೂ ಒಣಗ್ದೇ ಇರದು?"

ಕೊನೆಕೊನೆಗೆ ಕೇಳುವುದನ್ನೂ ಬಿಟ್ಟಳು.

*

ಮಣ್ಣು ಮಾಡಿ ಬಂದು ಎಲ್ಲರೂ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಾಗ ತಾಳವಾಡಿಯ ಕೋಸಿನ ವ್ಯಾಪಾರಿ ಪುಟ್ಟಬಸಪ್ಪ ಬಂದ. ಮನೆ ಕೊಳ್ಳುತ್ತೇನೆಂದು ನೋಡಿಹೋಗಿದ್ದವನು ಅವನೇ. ಅವನು ಬಾಯಿ ತೆರೆಯುವ ಮೊದಲೇ ಸ್ವಾಮಿ ಓಡಿಹೋಗಿ ಕೈ ಹಿಡಿದುಕೊಂಡ.

"ಅಣ್ಣೋ, ಮನೆ ಒಳಗ ಸಾವಾಗ್ನಿಲ್ಲ ಕಣಣ್ಣ. ಮೊದ್ಲೇ ಅವ್ವನ್ನ ಕೊಟ್ಗೆಗ ಆಕ್ಬುಟ್ಟಿದ್ದೋ. ಬೇಕಾದ್ರ ಪರಿಮಳನ್ನೇ ಕೇಳಿ."

ಪುಟ್ಟಬಸಪ್ಪ ಮೆಲ್ಲನೆ ಕೈ ಬಿಡಿಸಿಕೊಂಡ.

"ಎಲ್ಲಾದ್ರೇನು ಬುಡಪ್ಪ. ನಾ ಈ ಮನೆ ಕೆಡವೋನು. ರೋಡ್ ಪಕ್ಕದ ಜಾಗ, ಕೋಸಿನ ಲಾರಿ ತಿರುಗ್ಸಾಕ ಬೇಕು. ಬೆಲೆ ಕಟ್ಟಿರದು ಜಾಗಕ್ಕ ಕಣಪ್ಪ, ಟೈಲ್ಸಿಗಲ್ಲ. ಬ್ರೋಕರ್ ಯೋಳ್ನಿಲ್ವಾ? ಆ ಕೊಟ್ಗೆ ಒಂದ ಉಳಿಸ್ಕತೀನಿ, ಮೂಟೆ ಇಡಾಕ ಆಯ್ತದ."

"ನಮ್ಮಕ್ಕನೇ ಕೇಳ್ತು ಅಂದ್ಯಲ್ಲಾ ಸ್ವಾಮಿ?" ಎಂದ ಚಿಕ್ಕಮಾದ.

ಸ್ವಾಮಿ ಬೀಗದ ಕೈ ತೆಗೆದು ಬಾಗಿಲ ಕಡೆ ನಡೆದ. "ದೀಪನಾದ್ರೂ ಒಳಗ ಇಡವು ಮಾವ."

"ಉಸ್ರು ಓದ ಜಾಗದಲ್ಲಿ ಕಣ್ಲಾ ದೀಪ ಇಡದು" ಎಂದು ಚಿಕ್ಕಮಾದ ಕೊಟ್ಟಿಗೆಯ ಕಡೆ ಕೈ ತೋರಿಸಿದ.

ಕೊಟ್ಟಿಗೆಯ ನೆಲವೆಲ್ಲ ಹಳ್ಳತಿಟ್ಟು. ಸ್ವಾಮಿ ಮಿಕ್ಕಿದ್ದ ಒಂದು ಟೈಲ್ಸ್ ತಂದು ಹಾಸಿದ. ಪರಿಮಳ ಅದರ ಮೇಲೆ ಹಣತೆ ಇಟ್ಟಳು. ಹಣತೆ ಜಾರಿ, ಎಣ್ಣೆ ಚೆಲ್ಲಿ, ದೀಪ ಆರಿತು.

ಅವಳು ಟೈಲ್ಸನ್ನು ಹೊರಗೆ ಎಸೆದಳು. ಹಸುವಿನ ಹಸಿ ಸಗಣಿ ಬಾಚಿ ತಂದು ಅತ್ತೆಯ ಮಂಚವಿದ್ದ ಜಾಗವನ್ನು ಅಂಗೈಯಿಂದ ಸಾರಿಸಿದಳು. ಆರಿದ ಹಣತೆಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕುಳಿತಳು.

"ದೀಪ ಇಟ್ಟು ಅಚ್ಚು ಕಣಮ್ಮಿ, ಒತ್ತಾಯ್ತು" ಎಂದ ಸ್ವಾಮಿ.

"ಇನ್ನೂ ಒಣಗ್ನಿಲ್ಲ" ಎಂದಳು ಪರಿಮಳ.