ಬಧಿರ ಅಂದರೆ ಕಿವುಡಲ್ಲ

ಮಜ್ಜಿಗೆ ತುಟಿಯ ಎಡಗಡೆಯಿಂದ ಇಳಿದು ಸೀರೆಗೆ ಬಿದ್ದರೂ ಸಕ್ಕೂಬಾಯಿಗೆ ಗೊತ್ತಾಗಲಿಲ್ಲ. "ಸಣ್ಣ ಕೂಸಾಗೀದಿ ನೋಡು," ಎಂದು ಗಂಡ ಹಣಮಂತರಾಯರು ನಕ್ಕರು. ಕಮಲಾಪುರದ ಗುಡಿಯಲ್ಲಿ ನಲವತ್ತು ವರ್ಷ ಪೂಜೆ ಮಾಡಿದ ಆ ಮನುಷ್ಯನಿಗೆ ಅಂದಿನ ನಗು ನೆನಪಾದರೆ ಇವತ್ತಿಗೂ ತಮ್ಮ ಬಾಯಿಗೆ ತಾವೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡ ಎಡವಟ್ಟು. ಕಲಬುರಗಿಯ ಒಂದು ದವಾಖಾನೆಯಲ್ಲಿ ಹೆಂಡತಿಗೆ ಬಾಯಿ ತೆರೆಯಲು ಬಿಡದೆ ತಾವೇ ಹೇಳಿದರು: "ಎಡಗಡೆ ಬಧಿರ ಆಗ್ಯಾದ್ರೀ." ಅವರ ಮನೆಯಲ್ಲಿ ಮರಾಠಿ, ಕನ್ನಡ ಎರಡೂ ಕಲಸಿದ ಮಾತು, ಬಧಿರ ಎಂದರೆ ಮುಟ್ಟಿದ್ದು ತಿಳಿಯದಂತೆ ಮರಗಟ್ಟಿದ್ದು. ಮೈಸೂರು ಕಡೆಯ ಆ ಡಾಕ್ಟರಿಗೆ ಬಧಿರ ಎಂದರೆ ಕಿವುಡು. ಕಿವಿ ತೊಳೆದರು, ಹನಿ ಕೊಟ್ಟರು, ಮೂರು ತಿಂಗಳು ಹೋಯಿತು. ಅಷ್ಟರಲ್ಲಿ ಸಕ್ಕೂಬಾಯಿಗೆ ಒಂದು ಎರಡಾಗಿ ಕಾಣತೊಡಗಿತು.

ಅದೇ ಊರಿನ ಸೂಪರ್ ಮಾರ್ಕೆಟ್ ಹಿಂದಿನ ಇನ್ನೊಂದು ದವಾಖಾನೆಯಲ್ಲಿ ಮೆದುಳಿನ ಸರ್ಜನ್ ಸುಮೇಧಾ, 'ಎಡಗಡೆ ಬಧಿರ' ಎಂದು ಬರೆದಿದ್ದ ಹಳೆಯ ಚೀಟಿ ಓದಿದರು. ಆಕೆಯೂ ಅಂಥದೇ ಕಲಸು ಮಾತಿನ ಮನೆಯ ಮಗಳು.

"ಕಾಕಾ, ಬಧಿರ ಅಂದ್ರ ಕಿವಿಯೋ, ಗಲ್ಲವೋ?"

"ಗಲ್ಲ ರೀ, ಡಾಕ್ಟರ್."

ಸುಮೇಧಾ ಹತ್ತಿಯ ಎಳೆಯಿಂದ ಸಕ್ಕೂಬಾಯಿಯ ಎಡಗಲ್ಲ ಸವರಿದರು. ಕಣ್ಣು ಮುಚ್ಚಿ ಕೂತಿದ್ದ ಆಕೆ, "ಹೂಂ, ಶುರು ಮಾಡ್ರಿ," ಎಂದಳು.

ಮುಖಕ್ಕೆ ಸ್ಪರ್ಶ ತಿಳಿಸುವ ನರದ ಮೇಲೆ ನಿಂಬೆಹಣ್ಣಿನಷ್ಟು ಗಂಟು ಬೆಳೆದು ಮೆದುಳನ್ನು ಒತ್ತುತ್ತಿರುವುದು ಸ್ಕ್ಯಾನ್‌ನಲ್ಲಿ ಕಂಡಿತು. ಏಳು ತಾಸಿನ ಆಪರೇಶನ್ ಆಯಿತು. ಗಂಟಿನ ತುಣುಕು ನೋಡಿದವರು 'ಸಾದಾ ಗಂಟು' ಎಂದು ರಿಪೋರ್ಟ್ ಕೊಟ್ಟರು. ರಾಯರು ಪೇಢೆ ತಂದರು. ಸುಮೇಧಾ ಪೇಢೆ ಮುಟ್ಟಲಿಲ್ಲ.

"ಸಾದಾ ಗಂಟು ತಲೀ ಎಲುಬನ್ನ ಹಿಂಗ ತಿನ್ನಂಗಿಲ್ಲ ಕಾಕಾ, ಆಪರೇಶನ್‌ದಾಗ ನಾ ಕಣ್ಣಾರೆ ನೋಡೀನಿ. ಉಳಿದ ತುಣುಕೆಲ್ಲಾ ಮತ್ತ ನೋಡ್ರಿ ಅಂತ ಹೇಳೀನಿ."

ಹನ್ನೊಂದು ದಿನಕ್ಕೆ ಉತ್ತರ ಬಂತು: ನರದ ಹೊದಿಕೆಯ ಕ್ಯಾನ್ಸರ್. ತಲೆಯೊಳಗೆ ಇದು ಬರುವುದು ತೀರ ಅಪರೂಪ. "ನಾನೂ ಪುಸ್ತಕದಾಗಷ್ಟೇ ನೋಡಿದ್ದೆ," ಎಂದರು ಸುಮೇಧಾ. ಇಷ್ಟು ನೇರವಾಗಿ ಹೇಳುವ ಡಾಕ್ಟರನ್ನು ರಾಯರು ಕಂಡಿರಲಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟರು.

"ನನ್ನ ಒಂದು ಮಾತಿನಿಂದ ಮೂರು ತಿಂಗಳು ಹೋದ್ವು. ಆಕಿ ಉಳೀತಾಳೇನು?"

"ಸುಳ್ಳು ಹೇಳಂಗಿಲ್ಲ ಕಾಕಾ, ಗೊತ್ತಿಲ್ಲ. ಇನ್ನೊಂದು ಆಪರೇಶನ್ ಮಾಡಿ ಆ ನರಾ ಸೈತ ತೆಗೀಬೇಕು. ಆರು ವಾರ ರೇಡಿಯೇಶನ್ ಕಿರಣ ಕೊಡಬೇಕು. ಗಲ್ಲ ಕಡೀತನಕ ಬಧಿರನ ಇರ್ತದ. ಸಕ್ಕೂ ಕಾಕು ಉಳೀಬೇಕು ಅಂತ ನಾ ದುಡೀತೀನಿ."

ದುಡಿದರು. ಎರಡನೇ ಸಲ ಒಂಬತ್ತು ತಾಸು ನಿಂತರು. ಕಿರಣದ ದಿನಗಳಲ್ಲಿ ಎಷ್ಟೇ ಕೆಲಸದ ಗದ್ದಲವಿರಲಿ, ಒಮ್ಮೆ ಬಂದು ಸಕ್ಕೂಬಾಯಿಯ ಕೈಹಿಡಿದು ಮಾತಾಡಿಸಿ ಹೋಗುತ್ತಿದ್ದರು. ಅವರ ಕೋಣೆಯ ಗೋಡೆಗೆ ಹೊಸದೊಂದು ಕಾಗದ ಅಂಟಿತ್ತು. 'ಬಧಿರ ಅಂದರೆ ಕಿವುಡಲ್ಲ. ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಹೇಳಿ.' ಅದನ್ನು ಓದಿದ ದಿನ ರಾಯರು ಹೊರಗೆ ಹೋಗಿ ಅತ್ತರು.

ಒಂದು ವರ್ಷದ ಬಳಿಕ ಮಾಡಿದ ಸ್ಕ್ಯಾನ್ ಸ್ವಚ್ಛ ಬಂತು. ಮರುದಿನ ಕಮಲಾಪುರದ ಪಡಸಾಲೆಯಲ್ಲಿ ಸಕ್ಕೂಬಾಯಿ ಕೆಂಪು ಬಾಳೆಹಣ್ಣು ತಿನ್ನುತ್ತ, ಸುಮೇಧಾ ಬಗ್ಗೆ ಎಡೆಬಿಡದೆ ಮಾತಾಡುತ್ತಿದ್ದಳು. ತುಟಿಯ ಎಡಗಡೆ ಹಣ್ಣು ಮೆತ್ತಿತ್ತು. ರಾಯರು ಈ ಸಲ ನಗಲಿಲ್ಲ. ಶಲ್ಯದ ತುದಿಯಿಂದ ಮೆಲ್ಲಗೆ ಒರೆಸಿದರು.

"ಏನಾಗಿತ್ತು ರೀ?"

"ಏನಿಲ್ಲ. ನೀ ಮಾತಾಡು."